ಪಕ್ಕದ ಸೀಟಿನಿಂದ ಒಂದು ಕಾಗದ

ಪ್ರೀತಿಯ ಪುಟ್ಟನಿಗೆ,

ಅತ್ತೆಯ ಆಶೀರ್ವಾದಗಳು. ಭಾನುವಾರ ನನ್ನನ್ನು ಮನೆಗೆ ಬಿಟ್ಟು ಹೋದವನು ಆಮೇಲೆ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಬಾಯಲ್ಲಿ ಹೇಳಲು ಹೋದರೆ "ಆಯ್ತು ಅತ್ತೆ, ಬಿಡಿ" ಅನ್ನುತ್ತೀಯ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ನಡುವೆ ನೀನು ಬಾಯಿ ಹಾಕಲು ಆಗುವುದಿಲ್ಲ ನೋಡು.

ಅವತ್ತು ನನ್ನ ಕಾಲನ್ನು ಗಮನಿಸಿದೆಯೋ ಇಲ್ಲವೋ. 26 ವರ್ಷ ಡ್ರೈವಿಂಗ್ ಕಲಿಸಿದವಳು ನಾನು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್, ಒಂದು ಕ್ಲಚ್ ಇರುತ್ತವೆ. ನಿನ್ನ ಕಾರಿನಲ್ಲಿ ಅವಿಲ್ಲ ಅಂತ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಅರ್ಧ ಗಂಟೆಯ ದಾರಿಯಲ್ಲಿ 11 ಸಲ ಸುಮ್ನೆ ಮ್ಯಾಟ್ ಒತ್ತಿದ್ದೇನೆ. ಎಣಿಸಿದೆ.

ನಿನಗೆ ಗಾಡಿ ಓಡಿಸಲು ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಏರಿನಲ್ಲಿ ನಿಲ್ಲಿಸಿ, ಒಂದಿಂಚೂ ಹಿಂದೆ ಜಾರದ ಹಾಗೆ ಎತ್ತುತ್ತೀಯ. ಅದನ್ನು ಕಲಿಸಿದವಳು ನಾನೇ ಆದ್ದರಿಂದ ಜಾಸ್ತಿ ಹೊಗಳುವುದಿಲ್ಲ. ನಿನ್ನ ಕೈಕಾಲಿನ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಆ ಸಿಗ್ನಲ್ ಬಗ್ಗೆ. ಹಳದಿ ಬಿತ್ತು, ನೀನು ನಿಲ್ಲಿಸಿದೆ. ಸರಿಯಾಗಿಯೇ ಮಾಡಿದೆ. ಹಿಂದೆ ಟೈರ್ ಕಿರ್ರೆಂದಿತು. ಆ ಹಳೇ ಚಿಕ್ಕ ಕಾರು ನಮ್ಮ ಬಂಪರ್‌ಗೆ ಒಂದು ಗೇಣು ದೂರದಲ್ಲಿ ನಿಂತಿತು. ಅದರಲ್ಲಿದ್ದವನು ಹಾರ್ನ್ ಒತ್ತಿ ಹಿಡಿದ. ನೀನು ಹ್ಯಾಂಡ್‌ಬ್ರೇಕ್ ಎಳೆದು, "ಏನಂತೆ ಇವನಿಗೆ?" ಅಂತ ಬಾಗಿಲು ತೆಗೆದು ಇಳಿದೇಬಿಟ್ಟೆ. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ನೀನು ಅವನ ಗಾಜು ತಟ್ಟಿದೆ. ಅವನು ಇಳಿಸಲಿಲ್ಲ. ಇನ್ನೂ ಜೋರಾಗಿ ತಟ್ಟಿದೆ. ಹಸಿರು ಬಂತು, ಹೋಯಿತು. ಹಿಂದಿದ್ದವರೆಲ್ಲ ಹಾರ್ನ್ ಶುರು ಮಾಡಿದರು. ವಾಪಸ್ ಬಂದು ಕೂತೆ. ಗೇರ್ ಹಾಕುವಾಗ ಕೈ ನಡುಗುತ್ತಿತ್ತು. ಒಂದನೇ ಗೇರ್ ಅಂತ ಮೂರನೇದಕ್ಕೆ ಹಾಕಿದೆ, ಇಂಜಿನ್ ಬಂದ್ ಆಯಿತು. ಕಲಿಯುವಾಗಲೂ ನೀನು ಹಾಗೆ ಬಂದ್ ಮಾಡಿದವನಲ್ಲ.

ಆಮೇಲೆ ಅಂದೆಯಲ್ಲ, "ತಡೆಯೋಕಾಗ್ಲಿಲ್ಲ ಅತ್ತೆ" ಅಂತ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಯಾಕೆ ಅಂದರೆ, ಅದಕ್ಕೂ ಹತ್ತು ನಿಮಿಷ ಮುಂಚೆ ಒಂದು ದೊಡ್ಡ ಲಾರಿ ಇಂಡಿಕೇಟರ್ ಇಲ್ಲದೆ ನಮ್ಮ ಮುಂದೆ ನುಗ್ಗಿತ್ತು. ನೀನು ಬ್ರೇಕ್ ಹೊಡೆಯದಿದ್ದರೆ ಈ ಕಾಗದ ಬರೆಯಲು ನಾನು ಇರುತ್ತಿರಲಿಲ್ಲ. ಆಗ ನೀನು ಹಲ್ಲು ಕಚ್ಚಿ ಸುಮ್ಮನಾದೆ. ಲಾರಿಯ ಕ್ಯಾಬಿನ್ ಹತ್ತಿ ಬಾಗಿಲು ತಟ್ಟಲಿಲ್ಲ. ಅಂದರೆ ತಡೆಯಲು ಆಗುತ್ತದೆ, ಅಲ್ವಾ? ಇದು ನಿನ್ನೊಬ್ಬನ ರೋಗವೂ ಅಲ್ಲ. 1968ರಲ್ಲಿ ಅಮೆರಿಕದಲ್ಲಿ ಡೂಬ್ ಮತ್ತು ಗ್ರಾಸ್ ಅನ್ನುವ ಇಬ್ಬರು ತಾವು ಮಾಡಿದ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಸಿಗ್ನಲ್ ಹಸಿರಾದ ಮೇಲೂ ಒಂದು ಕಾರನ್ನು ಬೇಕಂತಲೇ ಅಲುಗಾಡಿಸದೆ ನಿಲ್ಲಿಸುವುದು, ಹಿಂದಿನವರು ಯಾವಾಗ ಹಾರ್ನ್ ಹೊಡೆಯುತ್ತಾರೆ ಅಂತ ನೋಡುವುದು. ಕೆಲವು ಸಲ ಥಳಥಳ ಹೊಳೆಯುವ ದುಬಾರಿ ಕಾರು, ಕೆಲವು ಸಲ ಹಳೇ ಡಬ್ಬಾ ಕಾರು. ಹಳೇ ಕಾರಿನ ಹಿಂದೆ ನಿಂತವರು ಬೇಗ ಹೊಡೆದರು, ಜಾಸ್ತಿ ಜನ ಹೊಡೆದರು. ನಿಂತಿದ್ದು ಎರಡೂ ಒಂದೇ ಥರ. ನಮ್ಮ ಕೋಪಕ್ಕೆ ಎದುರಿನ ಗಾಡಿಯ ಬೆಲೆ ಕಾಣುತ್ತದೆ ಅಂದರೆ ಅದು ಕುರುಡು ಕೋಪ ಹೇಗಾಗುತ್ತದೆ? ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಅಂತ ಅದು ಲೆಕ್ಕ ಹಾಕಿಯೇ ಹೊರಡುತ್ತದೆ.

ನಾನೇನು ದೇವತೆ ಅಂದುಕೊಳ್ಳಬೇಡ. ಈ ಕಥೆ ನಿಮ್ಮಪ್ಪನಿಗೂ ಹೇಳಿಲ್ಲ. ಒಂದು ಬೆಳಗ್ಗೆ ಇಬ್ಬರು ಹುಡುಗಿಯರ ಕ್ಲಾಸ್ ಒಟ್ಟಿಗೆ ಇತ್ತು. ಒಬ್ಬಳ ಪಾಳಿ ಮುಗಿದು ಅವಳನ್ನು ಇಳಿಸಿ ಆಗಿತ್ತು. ಇನ್ನೊಬ್ಬಳನ್ನು ಖಾಲಿ ರಸ್ತೆಗೆ ಕರೆದುಕೊಂಡು ಹೋಗಲು ನಾನೇ ಓಡಿಸುತ್ತಿದ್ದೆ, ಅವಳು ಹಿಂದೆ ಕೂತಿದ್ದಳು. ಒಬ್ಬ ನನ್ನನ್ನು ಸವರಿಕೊಂಡು ಹೋಗಿ ಕಟ್ ಹೊಡೆದ. ಹೊಡೆದು, ಕೈ ಹೊರಗೆ ಹಾಕಿ ಏನೋ ಸನ್ನೆ ಬೇರೆ ಮಾಡಿದ. ಆಯಿತು, ಹಿಂದೆ ಬಿದ್ದೆ. 3 ಕಿಲೋಮೀಟರ್. ನಾನು ಹೋಗಬೇಕಿದ್ದ ತಿರುವು ದಾಟಿ ಹೋಯಿತು, ಗೊತ್ತೇ ಆಗಲಿಲ್ಲ. ಕೊನೆಗೆ ಅವನು ಪಕ್ಕಕ್ಕೆ ಹಾಕಿ ಇಳಿದ. ಅಲ್ಲಿಯವರೆಗೂ ಏನೇನು ಬೈಯಬೇಕು ಅಂತ ಸಾಲಾಗಿ ಜೋಡಿಸಿಕೊಂಡಿದ್ದೆ. ಅವನು ನಡೆದು ಬರುವುದನ್ನು ನೋಡಿ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ ಕೂತೆ. ಅವನು ಬಾನೆಟ್ ಮೇಲೆ ಎರಡು ಗುದ್ದು ಗುದ್ದಿ ಹೋದ. ಅಷ್ಟೇ ನಡೆದದ್ದು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಆ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ನಾನು ಇಲ್ಲೇ ಇಳೀಲಾ?"

ಇಳಿದಳು. ಇನ್ನೂ ನಾಲ್ಕು ಕ್ಲಾಸ್ ಬಾಕಿ ಇತ್ತು. ಬರಲಿಲ್ಲ. ಡ್ರೈವಿಂಗ್ ಕಲಿಯುವುದನ್ನೇ ಬಿಟ್ಟಳೋ, ಬೇರೆ ಕಡೆ ಸೇರಿದಳೋ, ವಿಚಾರಿಸಲು ನನಗೆ ಮುಖ ಇರಲಿಲ್ಲ.

ಹಾಗಾಗಿ "ಪಾಪ, ಅವನು ಆಸ್ಪತ್ರೆಗೆ ಹೋಗುತ್ತಿರಬಹುದು, ಬಿಟ್ಟುಬಿಡು" ಅಂತ ನಾನು ಹೇಳುವುದಿಲ್ಲ. ಎಲ್ಲರೂ ಕೊಡುವ ಬುದ್ಧಿ ಅದು. ನನ್ನ ಅನುಭವದಲ್ಲಿ ನುಗ್ಗುವವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಹೋಗುತ್ತಿರುವುದಿಲ್ಲ. ಲೇಟಾಗಿ ಎದ್ದಿರುತ್ತಾರೆ. ಇಲ್ಲವೇ ಅವರ ಅಭ್ಯಾಸವೇ ಅದು. ಇರಲಿ. ಅವನು ಒಳ್ಳೆಯವನು ಅಂತ ನಂಬಿದರೆ ಮಾತ್ರ ಸುಮ್ಮನಿರುತ್ತೇನೆ ಅಂದರೆ, ಒಳ್ಳೆಯವನಲ್ಲ ಅಂತ ಗೊತ್ತಾದ ದಿನ ಇಳಿದು ಹೊಡೆಯುತ್ತೀಯಾ? ಅವನು ಯಾರೇ ಆಗಿರಲಿ, ನಿನ್ನ ಕೆಲಸ ನಿನ್ನ ಗಾಡಿ ಓಡಿಸುವುದು.

ಕಾರಿನೊಳಗೆ ಕೂತಾಗ ಇನ್ನೊಬ್ಬರ ಮುಖ ಕಾಣುವುದಿಲ್ಲ, ದೊಡ್ಡ ತೊಂದರೆಯೇ ಅದು. ಓಣಿಯಲ್ಲಿ ನಡೆಯುವಾಗ ಯಾರಾದರೂ ಅಡ್ಡ ಬಂದರೆ ಇಬ್ಬರೂ ಒಂದೇ ಕಡೆ ಸರಿದು, ನಕ್ಕು, ದಾರಿ ಬಿಟ್ಟುಕೊಂಡು ಹೋಗುತ್ತೇವೆ. ಅದೇ ಇಬ್ಬರನ್ನು ಎರಡು ಕಾರಿನಲ್ಲಿ ಕೂರಿಸು, ಜಗಳ. ಮುಖ ಇರಬೇಕಾದ ಕಡೆ ತಗಡು, ಮಾತು ಇರಬೇಕಾದ ಕಡೆ ಹಾರ್ನ್. ಹಾರ್ನ್‌ಗೋ ಬರುವುದು ಒಂದೇ ಶಬ್ದ. "ಸಿಗ್ನಲ್ ಬಿತ್ತು ನೋಡಿ ಸಾರ್" ಅನ್ನಲೂ ಅದೇ, "ನಿನ್ನ ಕಣ್ಣು ಕುರುಡಾ?" ಅನ್ನಲೂ ಅದೇ. ಕೇಳುವವನಿಗೆ ಯಾವಾಗಲೂ ಎರಡನೆಯದೇ ಕೇಳಿಸುತ್ತದೆ. ಅದಕ್ಕೇ ನಾನು ಕಲಿಸುವಾಗ ಹೇಳುತ್ತಿದ್ದೆ, ಹಾರ್ನ್ ಮುಟ್ಟಬೇಕು, ಒತ್ತಬಾರದು ಅಂತ. ಇನ್ನೊಂದು ಗಮನಿಸು. ನೀನು ದಾರಿಯುದ್ದಕ್ಕೂ ಬೈಯುತ್ತಿದ್ದೆಯಲ್ಲ, ಒಂದು ಮಾತೂ ಹೊರಗಿನವರಿಗೆ ಕೇಳಿಸಿಲ್ಲ. ಗಾಜು ಏರಿಸಿತ್ತು, ಎಸಿ ಹಾಕಿತ್ತು. ಎಲ್ಲಾ ಕೇಳಿಸಿಕೊಂಡವಳು ನಾನು.

ಈಗ ಜಾಗದ ವಿಷಯ. ನಾನು ಮ್ಯಾಟ್ ಒತ್ತಿದ 11 ಸಲದಲ್ಲಿ 8 ಸಲ ಇದೇ ಕಾರಣ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುತ್ತೀಯ. 60ರ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕ್ ಮೇಲೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡ್ ಆಗುತ್ತದೆ. ಬ್ರೇಕ್ ಒತ್ತುವ ಮುಂಚೆಯೇ 25 ಮೀಟರ್ ಹೋಗಿಯಾಯಿತು. ಒಳ್ಳೆ ಟೈರ್ ಇದ್ದು ರಸ್ತೆ ಒಣಗಿದ್ದರೆ, ಆಮೇಲೆ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. ಮಳೆ ಬಂದರೆ ಇನ್ನೂ ಜಾಸ್ತಿ. ಮುಂದಿನ ಗಾಡಿ ಕಂಬ ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸು ಅಂತ ಹೇಳಿಕೊಟ್ಟಿದ್ದು ನೆನಪಿದೆಯಾ? ಎಣಿಸಿ ಮುಗಿಯುವ ಮುಂಚೆ ನೀನು ಆ ಕಂಬದ ಹತ್ತಿರ ಬಂದರೆ ತುಂಬಾ ಹತ್ತಿರ ಇದ್ದೀಯ. ಭಾನುವಾರ "ಸಾವಿರದ" ಅನ್ನುವಷ್ಟರಲ್ಲಿ ಕಂಬ ಹೋಗಿರುತ್ತಿತ್ತು.

ನಿನ್ನ ಉತ್ತರ ಗೊತ್ತು. ಜಾಗ ಬಿಟ್ಟರೆ ಇನ್ನೊಬ್ಬ ನುಗ್ಗುತ್ತಾನೆ. ಹೌದು, ನುಗ್ಗುತ್ತಾನೆ. ನುಗ್ಗಲಿ. ಅವನ ಹಿಂದೆ ಮತ್ತೆ ಎರಡು ಸೆಕೆಂಡಿನ ಜಾಗ ಮಾಡಿಕೊಳ್ಳಲು ನಿನಗೆ ಖರ್ಚಾಗುವುದು ಎರಡು ಸೆಕೆಂಡ್. ದಾರಿಯಲ್ಲಿ ಹತ್ತು ಜನ ನುಗ್ಗಿದರೂ 20 ಸೆಕೆಂಡ್. ಕಾರಿನ ಬೀಗದ ಕೈ ಹುಡುಕಲು ನೀನು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೀಯ. ಜೋರಾಗಿ ಹೋಗಿ ಉಳಿಸುವುದಾದರೂ ಎಷ್ಟು? 10 ಕಿಲೋಮೀಟರ್ ದಾರಿಯನ್ನು ಎಲ್ಲೂ ನಿಲ್ಲದೆ 60ರಲ್ಲಿ ಹೋದರೆ 10 ನಿಮಿಷ, 75ರಲ್ಲಿ ಹೋದರೆ 8 ನಿಮಿಷ. ನಡುವೆ ಒಂದು ಸಿಗ್ನಲ್ ಸಿಕ್ಕರೆ ಆ ಎರಡು ನಿಮಿಷವೂ ಹೋಯಿತು. ಭಾನುವಾರ ನೀನು ಹಿಂದೆ ಹಾಕಿದ ಆ ನೀಲಿ ವ್ಯಾನ್ ಪ್ರತಿ ಸಿಗ್ನಲ್‌ನಲ್ಲೂ ನಮ್ಮ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು. ಅದರ ಡ್ರೈವರ್ ಆರಾಮಾಗಿ ಆಕಳಿಸುತ್ತಿದ್ದ.

ಹೀಗೆ ಅಂಟಿಕೊಂಡು ಹೋಗುವುದೂ ಜಾಮ್‌ಗೆ ಒಂದು ಕಾರಣ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಪಾನಿನವರ ಒಂದು ವಿಡಿಯೊ ಇದೆ. ಆ ಪ್ರಯೋಗದ ವರದಿ ಬಂದದ್ದು 2008ರಲ್ಲಿ. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು, ಎಲ್ಲರೂ 30ರ ವೇಗದಲ್ಲಿ ಸುತ್ತಿ ಅಂದರು, ಅಷ್ಟೇ. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಕೆಟ್ಟು ನಿಂತ ಗಾಡಿ ಇಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಚೂರು ನಿಧಾನ ಮಾಡುತ್ತಾನೆ, ಹಿಂದಿನವನು ಇನ್ನೊಂಚೂರು ಜಾಸ್ತಿ ಬ್ರೇಕ್ ಒತ್ತುತ್ತಾನೆ, ಅವನ ಹಿಂದಿನವನು ನಿಂತೇಬಿಡುತ್ತಾನೆ. ಆ ನಿಲುಗಡೆ ಅಲೆಯ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿರುತ್ತದೆ. ಮುಂದೆ ಏನೂ ಇಲ್ಲದೇ ಜಾಮ್. ಆ ವೃತ್ತದಲ್ಲಿ ಯಾರನ್ನು ಬೈಯುತ್ತೀಯ? ನೀನೂ ಒಂದು 23ನೇ ಕಾರು ಹಾಕಿಕೊಂಡು ಸೇರಿಕೋ.

ನನಗೂ ಮೈ ಉರಿಸುವ ವಿಷಯಗಳಿವೆ. ಅರ್ಧ ತಿರುಗಿದ ಮೇಲೆ ಇಂಡಿಕೇಟರ್ ಹಾಕುವವರು. ತಿರುಗುತ್ತಿರುವುದು ಕಾಣುತ್ತಿದೆಯಲ್ಲಪ್ಪ, ಇನ್ಯಾಕೆ ಅದು! ಹಾಕಿದ್ದನ್ನು ಆರಿಸದೆ ಮೈಲಿಗಟ್ಟಲೆ ಮಿಣುಕಿಸಿಕೊಂಡು ಹೋಗುವವರು. ಎರಡು ಗಾಡಿಯ ಜಾಗದಲ್ಲಿ ಒಂದೇ ಗಾಡಿ ಅಡ್ಡಡ್ಡ ನಿಲ್ಲಿಸುವವರು. ನಡುರಸ್ತೆಯಲ್ಲಿ ನಿಲ್ಲಿಸಿ ನಾಲ್ಕೂ ಲೈಟ್ ಮಿಣುಕಿಸಿದರೆ ಎಲ್ಲಾ ಮಾಫಿ ಅಂದುಕೊಂಡವರು. ರಾತ್ರಿ ಹೈ ಬೀಮ್ ಇಳಿಸದವರಂತೂ ಸರಿಯೇ. ಆದರೆ ಎದುರಿನವನು ಇಳಿಸಲಿಲ್ಲ ಅಂತ ನೀನೂ ಏರಿಸುತ್ತೀಯಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ಅವನಿಗೆ ನೀನು ಕಾಣಲ್ಲ, ನಿನಗೆ ಅವನು ಕಾಣಲ್ಲ, ಇಬ್ಬರೂ ಎದುರುಬದುರು ಬರುತ್ತಿದ್ದೀರಿ. ಒಂದು ಸಲ ಮಿಣುಕಿಸು. ಇಳಿಸದಿದ್ದರೆ ನಿಧಾನ ಮಾಡಿ, ನಿನ್ನ ಕಡೆಯ ರಸ್ತೆ ಅಂಚನ್ನು ನೋಡಿಕೊಂಡು ಹೋಗು. ಆ ಬೆಳಕನ್ನು ದಿಟ್ಟಿಸಬೇಡ.

ಇವರನ್ನೆಲ್ಲ ಕಂಡಾಗ ನಾನು ಬೈಯುವುದಿಲ್ಲ ಅಂತಲ್ಲ. "ಅಯ್ಯೋ ಪುಣ್ಯಾತ್ಮಾ" ಅನ್ನುತ್ತೇನೆ. ಅಷ್ಟಕ್ಕೆ ಮುಗಿಸುತ್ತೇನೆ. ನೀನು ಬೇರೆ ಏನಾದರೂ ಅನ್ನು, ಆದರೆ ಚಿಕ್ಕದಾಗಿರಲಿ.

ಇಳಿಯುವುದು ಮಾತ್ರ ಬೇಡ. ಇದರಲ್ಲಿ ಚರ್ಚೆ ಇಲ್ಲ. ಆ ಗಾಜಿನ ಹಿಂದೆ ಯಾರಿದ್ದಾರೆ, ಕೈಯಲ್ಲಿ ಏನಿದೆ ನಿನಗೆ ಗೊತ್ತಿಲ್ಲ. ಬೇರೆಯವರು ಇಳಿದು ಬಂದರೆ ಬಾಗಿಲು ಲಾಕ್ ಇರಲಿ, ಗಾಜು ಮೇಲಿರಲಿ, ಕಣ್ಣಿಗೆ ಕಣ್ಣು ಕೊಡಬೇಡ. ಯಾರಾದರೂ ಹಿಂಬಾಲಿಸಿದರೆ ಮನೆಗೆ ಬರಬೇಡ, ಮನೆ ತೋರಿಸಿದ ಹಾಗಾಗುತ್ತದೆ. ಪೊಲೀಸ್ ಸ್ಟೇಷನ್ನಿಗೆ ಹೋಗು, ಇಲ್ಲವೇ ಜನ ಇರುವ ಜಾಗಕ್ಕೆ. ಗಲಾಟೆ ಆಗಿ ಎದೆ ಹೊಡೆದುಕೊಳ್ಳುತ್ತಿದ್ದರೆ ಎಲ್ಲಾದರೂ ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಕೂರು. ಆ ಕೈ ಒಂದನೇ ಗೇರ್ ಯಾವುದು ಅಂತ ಮರೆತಿರುತ್ತದೆ, ನೀನೇ ನೋಡಿದೆಯಲ್ಲ. ಮತ್ತೆ ತಪ್ಪು ನಿನ್ನದೇ ಆದಾಗ ಕೈ ಎತ್ತು. ಬರೀ ಕೈ. ಒಂದು ಅಂಗೈ ಕಂಡರೆ ಎಷ್ಟು ಜನ ತಣ್ಣಗಾಗುತ್ತಾರೆ ಅಂತ ನಾನು ನೋಡಿದ್ದೇನೆ. ಕಲಿಯುವವರ ಪರವಾಗಿ ಇಷ್ಟು ವರ್ಷ ಕೈ ಎತ್ತುತ್ತಿದ್ದವಳು ನಾನೇ ತಾನೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಯೋಚಿಸಿದೆ. ಭಾನುವಾರ ನನ್ನನ್ನು ಇಳಿಸಿ ನೀನು ಗಾಡಿ ತಿರುಗಿಸುವಾಗ ನಾನು ಗೇಟಿನ ಹತ್ತಿರ ನಿಂತಿದ್ದೆ. ರಿವರ್ಸ್ ತೆಗೆದೆ, ನಿಲ್ಲಿಸಿದೆ. ಮುಂದೆ ಹೋದೆ, ತಿರುವಿನಲ್ಲಿ ಮತ್ತೆ ನಿಲ್ಲಿಸಿದೆ. ಎರಡು ಸಲವೂ ಹಿಂದೆ ಕೆಂಪು ದೀಪ ಹತ್ತಲಿಲ್ಲ. ಎಡಗಡೆಯದೂ ಇಲ್ಲ, ಬಲಗಡೆಯದೂ ಇಲ್ಲ. ಕೂಗಿದೆ, ನೀನು ಹೋಗಿಬಿಟ್ಟಿದ್ದೆ. ಆಗಲೇ ಮೆಸೇಜ್ ಹಾಕಿದೆ, ಬ್ರೇಕ್ ಲೈಟ್ ಹತ್ತುತ್ತಿಲ್ಲ, ನಾಳೆ ಗಾಡಿ ತೆಗೆಯುವ ಮುಂಚೆ ತೋರಿಸು ಅಂತ. ನೀನು ಹೆಬ್ಬೆರಳು ಕಳಿಸಿದೆ. ಎಷ್ಟು ದಿನದಿಂದ ಹತ್ತುತ್ತಿರಲಿಲ್ಲವೋ ಅಂತ ಯೋಚಿಸಿದ ಹಾಗೆ ಕಾಣಲಿಲ್ಲ. ನೀನು ನಿಲ್ಲಿಸುತ್ತಿದ್ದೀಯ ಅಂತ ಆ ಹಳೇ ಕಾರಿನವನಿಗೆ ಗೊತ್ತಾಗುವುದಾದರೂ ಹೇಗೆ, ಪುಟ್ಟಾ?

ಎರಡೂ ಒಟ್ಟಿಗೆ ಹೋಗಿದ್ದರೆ ಬಲ್ಬ್ ಇರಲಿಕ್ಕಿಲ್ಲ. ಫ್ಯೂಸ್ ನೋಡಲು ಹೇಳು, ಬ್ರೇಕ್ ಪೆಡಲ್ ಮೇಲಿನ ಸ್ವಿಚ್ಚನ್ನೂ ನೋಡಲು ಹೇಳು. ಸರಿ ಮಾಡಿಸಿದ ಮೇಲೆ ಒಂದು ಫೋನ್ ಮಾಡು.

ಇಂತಿ,
ನಿನ್ನ ಅತ್ತೆ