ಗಣ ವಿಂಗಡಿಸಿದ ಮೇಲೆ

ಚಿರಂಜೀವಿ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಕುಮಾರವ್ಯಾಸನ ಭಾರತದ ಮೊದಲ ಪದ್ಯಕ್ಕೆ ನೀನು ಹಾಕಿದ ಪ್ರಸ್ತಾರ, ಅಂದರೆ ಗುರು-ಲಘು ಗುರುತಿಸಿ ಮಾತ್ರೆಗಳ ಗುಂಪುಗಳಾಗಿ, ಗಣಗಳಾಗಿ ವಿಂಗಡಿಸಿದ್ದು, ನೋಡಿದೆ. ಅಚ್ಚುಕಟ್ಟಾಗಿದೆ. ಆದರೆ 'ಇದು ಭಾಮಿನಿ ಷಟ್ಪದಿ, ಆದಿಪ್ರಾಸವಿದೆ' ಎಂದು ಬರೆದು ಪುಸ್ತಕ ಮುಚ್ಚಿಬಿಟ್ಟಿದ್ದೀಯೆ. ಪರೀಕ್ಷೆಗೆ ಅಷ್ಟು ಸಾಕು, ಪದ್ಯಕ್ಕೆ ಸಾಲದು.

'ಶ್ರೀವನಿತೆಯರಸನೆ ವಿಮಲ ರಾ' ಎಂಬ ಸಾಲನ್ನೇ ತೆಗೆದುಕೋ. ಶ್ರೀವ | ನಿತೆಯರ | ಸನೆವಿ | ಮಲರಾ. ಲಘುವಿಗೆ ಒಂದು, ಗುರುವಿಗೆ ಎರಡರಂತೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ; ಭಾಮಿನಿಯ ಲೆಕ್ಕ ಸರಿ. ಆದರೆ ನಾಲ್ಕರಲ್ಲಿ ಒಂದು ಗಣವೂ ಪದದ ಕೊನೆಯಲ್ಲಿ ನಿಲ್ಲುವುದಿಲ್ಲ, ಗಮನಿಸಿದೆಯಾ? ವನಿತೆ, ಅರಸ, ವಿಮಲ ಎಲ್ಲವೂ ನಡುವೆ ಸೀಳಿವೆ. 'ರಾಜೀವ'ವಂತೂ ಸಾಲನ್ನೇ ದಾಟಿ ಹೋಗಿದೆ. ಮುಂದಿನ ಸಾಲಿನಲ್ಲಿ ಜೀವ | ಪೀಠನ | ಪಿತನೆ ಎಂದು ಪದವೂ ಗಣವೂ ಜೊತೆಗೂಡಿ ನಡೆಯುತ್ತವೆ. ಮೊದಲು ತೊಡಕು, ಆಮೇಲೆ ಸಲೀಸು. ಆ ಓಟವನ್ನು ಕಿವಿಯಿಂದ ಹಿಡಿಯಬೇಕು. ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಗಟ್ಟಿಯಾಗಿ ಓದು. ಗಣಕ್ಕೊಮ್ಮೆ ನಿಲ್ಲಿಸಿ ಓದುವವರಿದ್ದಾರೆ. ಅವರ ಬಾಯಲ್ಲಿ ಷಟ್ಪದಿ ಮಗ್ಗಿಯಾಗಿಬಿಡುತ್ತದೆ.

ಪ್ರಾಸದ ವಿಷಯ ಸುಲಭ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ವಕಾರ; ಸ್ವರ ಬದಲಾಗಿ ವಿ, ವು ಬಂದರೂ ಅಡ್ಡಿಯಿಲ್ಲ. ಅದರ ಹಿಂದಿನ ಅಕ್ಷರ ಎಲ್ಲೆಡೆ ದೀರ್ಘ, ಆದ್ದರಿಂದ ಗಜಪ್ರಾಸ. ಅಂತ್ಯಪ್ರಾಸ ಹುಡುಕಿ ಸಿಗಲಿಲ್ಲವೆಂದು ಪೇಚಾಡಬೇಡ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಬಾಗಿಲಲ್ಲೇ ಇಟ್ಟವರು.

ಮೂರನೆಯ ಸಾಲಿನ ಕೊನೆಯ 'ದಾತಾರ'ದಲ್ಲಿ 'ರ' ಲಘು. ಆದರೂ ಅಲ್ಲಿ ಗುರು ಬರಬೇಕು. ಪಾದಾಂತವಾದ್ದರಿಂದ ಅದನ್ನು ಗುರುವೆಂದೇ ಎಣಿಸುತ್ತೇವೆ. ನೀನು ಸುಮ್ಮನೆ ಗುರುವಿನ ಗುರುತು ಹಾಕಿದ್ದೀಯೆ, ಕಾರಣ ಬರೆದಿಲ್ಲ. ಹಾಗೆಂದು ಎಲ್ಲ ಸಾಲಿಗೂ ಅದೇ ಸೂತ್ರ ಹಚ್ಚಬೇಡ. ನಾಲ್ಕನೆಯ ಸಾಲು 'ಸು' ಎಂದು ಮುಗಿಯುತ್ತದೆ, 'ಸುಧಾ' ಎಂಬ ಪದ ಮುಂದಕ್ಕೆ ಹರಿಯುತ್ತದೆ. ಅಲ್ಲಿ ಲಘು ಲಘುವಾಗಿಯೇ ಉಳಿಯಬೇಕು, ಇಲ್ಲದಿದ್ದರೆ ಕೊನೆಯ ಗಣ ಐದು ಮಾತ್ರೆಯಾಗುತ್ತದೆ.

ಅದೇ ಸಾಲಿನ 'ಮಥನ ಶ್ರವಣ' ಎಂಬಲ್ಲಿ ನೀನು 'ನ'ವನ್ನು ಲಘುವೆಂದು ಗುರುತಿಸಿದ್ದೀಯೆ. ಮುಂದೆ ಒತ್ತಕ್ಷರವಿದೆ, ನಿಯಮದ ಪ್ರಕಾರ ಗುರುವಾಗಬೇಕಿತ್ತು. ಲಘುವೆಂದು ಹೇಗೆ ತೀರ್ಮಾನಿಸಿದೆ, ಲೆಕ್ಕ ಸರಿಹೊಂದಿಸಲೋ, ಕಿವಿಗೆ ಹಾಗೆ ಕೇಳಿಸಿತೋ? ಮುಂದಿನ ಪತ್ರದಲ್ಲಿ ಬರೆ.

ನಿನ್ನ ದೊಡ್ಡಪ್ಪ