ಸಕ್ಕರೆ ಕರಗಿತೋ, ನೀರಾಯಿತೋ?

ಮಾನ್ಯರೇ,

5ನೇ ತರಗತಿಯಲ್ಲಿ ಓದುವ ಮೊಮ್ಮಗಳು ಮೊನ್ನೆ ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದು ತೋರಿಸಿದಳು. ‘ಉಪ್ಪು ನೀರಿನಲ್ಲಿ ಕರಗುತ್ತದೆ’ ಎಂದು ಬರೆದಿದ್ದಕ್ಕೆ ಕೆಂಪು ಗೆರೆ, ಅರ್ಧ ಅಂಕ ಕಡಿತ. ಪಕ್ಕದಲ್ಲಿ ‘ವಿಲೀನವಾಗುತ್ತದೆ’ ಎಂಬ ತಿದ್ದುಪಡಿ. ಮನೆಮಂದಿಗೆಲ್ಲ ಸಿಟ್ಟು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ನನಗೆ ಮಾತ್ರ ತಿದ್ದಿದವರ ಮೇಲೆ ಪೂರ್ತಿ ಸಿಟ್ಟು ಬರಲಿಲ್ಲ. ನಮ್ಮ ‘ಕರಗು’ ಎಂಬ ಮಾತೇ ಹಾಗಿದೆ. ಐಸ್‌ಕ್ಯಾಂಡಿ ಕರಗುತ್ತದೆ, ಬೆಣ್ಣೆ ಕರಗುತ್ತದೆ, ಸಕ್ಕರೆ ಕರಗುತ್ತದೆ, ಅಪ್ಪ ಮಾಡಿಟ್ಟ ಆಸ್ತಿಯೂ ಕರಗುತ್ತದೆ. ಮಗುವಿಗೆ ಎಲ್ಲವೂ ಒಂದೇ.

ಆದರೆ ಪದ ಬದಲಿಸಿದರೆ ಗೊಂದಲ ಹೋಯಿತೇ? ‘ನೀರಿಗೆ ಹಾಕಿದ ಸಕ್ಕರೆ ಏನಾಯ್ತು ಪುಟ್ಟಿ?’ ಎಂದು ಕೇಳಿದೆ. ‘ವಿಲೀನ ಆಯ್ತು ತಾತ.’ ‘ಹಂಗಂದ್ರೆ?’ ‘ನೀರಾಗೋಯ್ತು.’

ಬೀದಿಕೊನೆಯ ಅಂಗಡಿಗೆ ಕರೆದುಕೊಂಡು ಹೋದೆ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ಲೋಟವಿಟ್ಟು ಸೊನ್ನೆ ಮಾಡಿಸಿ, 200 ಗ್ರಾಂ ನೀರು ಹಾಕಿ, 50 ಗ್ರಾಂ ಸಕ್ಕರೆ ಸುರಿದು ಕಲಕಿದೆವು. ಸಕ್ಕರೆ ಕಾಣದಂತಾದ ಮೇಲೆ ತೂಕ ಎಷ್ಟಿರಬಹುದು ಎಂದರೆ, ‘ಇನ್ನೂರೇ’ ಎಂದಳು. ತಕ್ಕಡಿ 250 ತೋರಿಸಿತು. ಅಂಗಡಿಯವರೂ ಬಗ್ಗಿ ನೋಡಿದರು.

ಮಾರನೇ ದಿನ ಕಲ್ಲುಪ್ಪಿನ ಸರದಿ. (ಪುಡಿ ಉಪ್ಪಿಗಿಂತ ಇದೇ ಮೇಲು, ಇದರಲ್ಲಿ ಕಸವಿರುತ್ತದೆ!) ನೀರಿಗೆ ಹಾಕಿ ಕಲಕಿ ಬಿಟ್ಟರೆ ತಳದಲ್ಲಿ ಮಣ್ಣು ಕೂತಿತು. ಹಳೇ ಪಂಚೆಯ ತುಂಡಿನಲ್ಲಿ ಸೋಸಿದೆವು. ಮಣ್ಣು ಬಟ್ಟೆಯಲ್ಲಿ ನಿಂತಿತು, ಉಪ್ಪು ನಿಲ್ಲಲಿಲ್ಲ. ಮಣ್ಣುನೀರು ಬರೀ ಮಿಶ್ರಣ, ಉಪ್ಪುನೀರು ದ್ರಾವಣ ಎನ್ನುವುದಕ್ಕೆ ಇದಕ್ಕಿಂತ ಏನು ಬೇಕು? ಸೋಸಿದ ನೀರನ್ನು ಸ್ಟೀಲ್ ತಟ್ಟೆಗೆ ತೆಳ್ಳಗೆ ಸುರಿದು ತಾರಸಿಯ ಬಿಸಿಲಿಗಿಟ್ಟೆವು. ಎರಡನೇ ಸಂಜೆ ತಟ್ಟೆಯ ತುಂಬ ಬೆಳ್ಳಗೆ ಹರಳು. ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟಪುಟ್ಟ ಚೌಕದ ಡಬ್ಬಿಗಳು. ಗೋಕರ್ಣದ ಪಕ್ಕ ಸಾಣಿಕಟ್ಟೆಯ ಗದ್ದೆಗಳಲ್ಲಿ ಸಮುದ್ರದ ನೀರು ಉಪ್ಪಾಗುವುದೂ ಹೀಗೆಯೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ.

ಇನ್ನು ಐಸಿನ ಕರಗುವಿಕೆ. ಅದಕ್ಕೆ ಶಾಖವೊಂದಿದ್ದರೆ ಸಾಕು, ಇನ್ನೊಂದು ವಸ್ತು ಬೇಡ. ಒಣ ಸಕ್ಕರೆಯನ್ನು ಬಾಣಲೆಗೆ ಹಾಕಿ ಕಾಯಿಸಿದರೂ (ಇದು ದೊಡ್ಡವರ ಕೈಕೆಲಸ) ಅದು ನೀರಿನ ಹಂಗಿಲ್ಲದೆ ಕಂದು ಪಾಕವಾಗುತ್ತದೆ. ಉಪ್ಪನ್ನು ಹಾಗೆ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಬಾಣಲೆಯಲ್ಲಿ ಅದು ಚಟಪಟ ಸಿಡಿದು ಸುಮ್ಮನಾಗುತ್ತದೆ, ಅಷ್ಟೇ. ತಣ್ಣೀರಿಗೆ ಹಾಕಿದರೋ, ಕಲಕುವಷ್ಟರಲ್ಲಿ ಮಾಯ. ಈ ಎರಡನ್ನೂ ಒಟ್ಟಿಗೆ ನೋಡಿದ ಮಗುವಿಗೆ ‘ಕರಗು’ ಎಂಬುದರಲ್ಲಿ ಎರಡು ಸಂಗತಿಗಳಿವೆ ಎಂದು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ದ್ರಾವ್ಯ (ಕರಗುವ ಉಪ್ಪು), ದ್ರಾವಕ (ಕರಗಿಸುವ ನೀರು), ದ್ರಾವಣ (ಎರಡೂ ಬೆರೆತ ಉಪ್ಪುನೀರು) ಎಂದು ಒಂದೇ ಉಸಿರಿಗೆ ಬರೆಸಿದರೆ ದೊಡ್ಡವರಿಗೇ ಅದಲುಬದಲಾಗುತ್ತದೆ. ಪಠ್ಯ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮನೆಮಾತಿನ ‘ಕರಗು’ವನ್ನು ತಪ್ಪೆಂದು ಹೊಡೆದುಹಾಕದೆ ಪಾಠವನ್ನು ಅಲ್ಲಿಂದಲೇ ಶುರುಮಾಡಿ, ಐಸು ಮತ್ತು ಸಕ್ಕರೆಯನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಇಡಿ. ಪಾರಿಭಾಷಿಕ ಪದ ಪುಟದ ಕೊನೆಗೆ ಬರಲಿ. ಶಿಕ್ಷಕರು ಅದಕ್ಕೊಂದು ಪೀರಿಯಡ್ ಕೊಟ್ಟರೆ, ಲೋಟ ಮತ್ತು ಉಪ್ಪನ್ನು ಬಿಸಿಯೂಟದ ಅಡುಗೆಯವರೇ ಕೊಟ್ಟಾರು.

– ನಿವೃತ್ತ ಶಿಕ್ಷಕ, ಮದ್ದೂರು ತಾಲ್ಲೂಕು