ಚಾರ್ಜ್ ಕೊಡೋವಾಗ ಪಾಸ್‌ವರ್ಡೂ ಕೊಟ್ಟೋಗಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಆಗಸ್ಟು ಸೆಪ್ಟೆಂಬರ್ ಬಂತು ಅಂದ್ರೆ ತುಮಕೂರಲ್ಲಿ ಯಾವ ಸಮುದಾಯ ಭವನ ನೋಡಿದ್ರೂ ಭಾನುವಾರ ಒಂದಲ್ಲ ಒಂದು ಸಂಘದ ಸರ್ವ ಸದಸ್ಯರ ಸಭೆ ನಡೀತಿರುತ್ತೆ. ಬಡಾವಣೆ ನಾಗರಿಕರ ಸಂಘ, ನಿವೃತ್ತ ನೌಕರರ ಸಂಘ, ವರ್ತಕರ ಸಂಘ, ಹಳೇ ವಿದ್ಯಾರ್ಥಿಗಳ ಸಂಘ, ಇನ್ನು ಜಾತಿ ಸಂಘಗಳಂತೂ ಕೇಳೋದೇ ಬೇಡ. ಮಾರನೇ ದಿನ ಪೇಪರಲ್ಲಿ ಹೊಸ ಪದಾಧಿಕಾರಿಗಳು ಹಾರ ಹಾಕ್ಕೊಂಡು ನಿಂತಿರೋ ಫೋಟೋ ಬರುತ್ತೆ, ಅವಿರೋಧ ಆಯ್ಕೆ ಅಂತ. ಆಮೇಲೆ ಏನಾಗುತ್ತೆ ಅಂತ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ. ನಾನು ಇಂಥ ಒಂದಷ್ಟು ಸಂಘಗಳ ಲೆಕ್ಕ ಬರೆದು ಆಡಿಟರ್ ಮುಂದೆ ಇಡೋ ಕೆಲಸದವನು, ಹಾಗಾಗಿ ಒಳಗಿನ ಕಥೆ ಸ್ವಲ್ಪ ಗೊತ್ತು.

ಹಿಂದೆ ಕಾರ್ಯದರ್ಶಿ ಬದಲಾದ್ರೆ ಚಾರ್ಜ್ ಕೊಡೋದು ಅಂತ ಒಂದು ಪದ್ಧತಿ ಇತ್ತು. ನಡಾವಳಿ ಪುಸ್ತಕ, ಕ್ಯಾಶ್ ಬುಕ್ಕು, ಸದಸ್ಯರ ರಿಜಿಸ್ಟರು, ರಸೀದಿ ಪುಸ್ತಕ ಉಳಿದಿರೋದೆಷ್ಟು ಹರಿದಿರೋದೆಷ್ಟು, ಚೆಕ್ ಬುಕ್ಕು, ಸೀಲು, ಬೀರು ಬೀಗದಕೈ, ಎಲ್ಲಾ ಒಂದು ಪಟ್ಟಿ ಮಾಡಿ ಕೊಟ್ಟೋರು ತಗೊಂಡೋರು ಇಬ್ರೂ ಸೈನ್ ಹಾಕೋರು. ಈಗ್ಲೂ ಹಾಕ್ತಾರೆ. ಆದ್ರೆ ಈಗ ಸಂಘ ಇರೋದು ಆ ಬೀರುವಲ್ಲಿ ಅಲ್ಲ ಸಾರ್. ಸಂಘ ಇರೋದು ವಾಟ್ಸಾಪ್ ಗ್ರೂಪಲ್ಲಿ, ಜಿಮೇಲ್ ಐಡೀಲಿ, ಬ್ಯಾಂಕಿಗೆ ಲಿಂಕ್ ಆಗಿರೋ ಮೊಬೈಲ್ ನಂಬರಲ್ಲಿ, ಯಾರದೋ ಲ್ಯಾಪ್‌ಟಾಪಲ್ಲಿರೋ ಎಕ್ಸೆಲ್ ಫೈಲಲ್ಲಿ. ಚಾರ್ಜ್ ಪಟ್ಟೀಲಿ ಇದರಲ್ಲಿ ಒಂದೂ ಇರಲ್ಲ. ಹಳಬ್ರು ಎದ್ದೋದಾಗ ಸಂಘಾನೂ ಅವರ ಜೇಬಲ್ಲೇ ಹೊರಟೋಗುತ್ತೆ.

ನಾನೇ ಹತ್ತಿರದಿಂದ ನೋಡಿದ್ದು ಒಂದು ಹೇಳ್ತೀನಿ, ಹೆಸರು ಬೇಡ. ಹಳೇ ಕಾರ್ಯದರ್ಶಿಗಳು ಒಳ್ಳೆ ಮನುಷ್ಯರು, ಒಂದು ರೂಪಾಯಿ ಆಚೀಚೆ ಮಾಡಿದವರಲ್ಲ. ಅವಧಿ ಮುಗಿದ ಮೇಲೆ ಮಗನ ಮನೆಗೆ ಪುಣೆಗೆ ಹೋದ್ರು. ನೆಟ್ ಬ್ಯಾಂಕಿಂಗ್ ಒಟಿಪಿ ಮಾತ್ರ ಅವರ ನಂಬರಿಗೇ ಬರ್ತಿತ್ತು. ಸಂಘದ ಕರೆಂಟ್ ಬಿಲ್ ಕಟ್ಬೇಕಾದ್ರೆ ಪುಣೆಗೆ ಫೋನು, ಸಾರ್ ಬಂತಾ, ಅವರು ಕನ್ನಡಕ ಹುಡುಕಿ ನಂಬರ್ ಹೇಳೋಷ್ಟರಲ್ಲಿ ಟೈಮ್ ಔಟ್. ಆಮೇಲೆ ಅವರು ತುಮಕೂರಿನ ಸಿಮ್ ಬಿಟ್ಟು ಅಲ್ಲೇ ಹೊಸದು ತಗೊಂಡ್ರು. ಬಿಟ್ಟ ನಂಬರನ್ನ 90 ದಿನ ಆದ್ಮೇಲೆ ಕಂಪನಿಯವರು ಬೇರೆ ಯಾರಿಗಾದ್ರೂ ಕೊಡಬಹುದು, ಅಂದ್ರೆ ಸಂಘದ ಬ್ಯಾಂಕ್ ಮೆಸೇಜು ಗುರುತೇ ಇಲ್ಲದ ಯಾರದೋ ಮೊಬೈಲಿಗೆ ಹೋಗೋ ಸ್ಥಿತಿ. ಜಿಮೇಲ್ ಕಥೆನೂ ಅದೇ. ಎರಡು ವರ್ಷ ಯಾರೂ ಲಾಗಿನ್ ಆಗದಿದ್ರೆ ಗೂಗಲ್‌ನವರು ಅಕೌಂಟ್ ಅಳಿಸಿಹಾಕಬಹುದು, 2023ರ ಕೊನೇಲಿ ಜಾರಿಗೆ ತಂದ ನಿಯಮ ಇದು. ಅದರಲ್ಲಿರೋ ಪತ್ರ, ಫೋಟೋ, ಡ್ರೈವಲ್ಲಿಟ್ಟ ಲೆಕ್ಕ ಎಲ್ಲಾ ಹೋದ ಹಾಗೇ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಸಂಘದ ಹೆಸರಲ್ಲಿ ಒಂದು ಸಿಮ್ಮು, ಆಫೀಸಲ್ಲೇ ಇರೋ ಒಂದು ಸಾದಾ ಫೋನು, ಆ ನಂಬರಿಗೇ ಮೇಲ್ ಐಡಿ ಮತ್ತು ಬ್ಯಾಂಕು. ಪಾಸ್‌ವರ್ಡ್ ಒಂದು ಕವರಲ್ಲಿ ಹಾಕಿ ಸೀಲ್ ಮಾಡಿ ಅಧ್ಯಕ್ಷರ ಹತ್ರ, ಪದಾಧಿಕಾರಿ ಬದಲಾದ ದಿನವೇ ಪಾಸ್‌ವರ್ಡೂ ಬದಲು. ಗ್ರೂಪಿಗೆ ಅಡ್ಮಿನ್ ಕನಿಷ್ಠ ಮೂರು ಜನ ಇರ್ಲಿ. ಬ್ಯಾಂಕಲ್ಲಿ ಕೇಳಿದ್ರೆ ಒಬ್ರು ಎಂಟ್ರಿ ಮಾಡಿ ಇನ್ನೊಬ್ರು ಒಪ್ಪಿಗೆ ಕೊಡೋ ವ್ಯವಸ್ಥೆ ಇದೆ, ಚೆಕ್ಕಿಗೆ ಇಬ್ಬರ ಸೈನ್ ಇರುತ್ತಲ್ಲ ಅದೇ. ಚೆಕ್ಕಲ್ಲಿ ಇಬ್ಬರ ಸೈನ್ ಬೇಕೇ ಬೇಕು ಅಂತ ಠರಾವು ಮಾಡಿರೋ ಸಂಘದಲ್ಲೇ ನೆಟ್ ಬ್ಯಾಂಕಿಂಗ್ ಒಬ್ಬರ ಬೆರಳಲ್ಲಿ ನಡೀತಿರೋದು ನೋಡಿದ್ರೆ ನಗ್ಬೇಕೋ ಅಳ್ಬೇಕೋ ಗೊತ್ತಾಗಲ್ಲ.

ಕ್ಯೂಆರ್ ಕೋಡ್ ಬಗ್ಗೆನೂ ಒಂದು ಮಾತು. ಸದಸ್ಯತ್ವದ ದುಡ್ಡು, ಜಾತ್ರೆ ಚಂದಾ, ರಾಜ್ಯೋತ್ಸವದ ಚಂದಾ ಎಲ್ಲಾ ಖಜಾಂಚಿಯವರ ಸ್ವಂತ ಫೋನಿನ ಕ್ಯೂಆರಿಗೆ ಬೀಳುತ್ತೆ. ಹಾಲಿನ ದುಡ್ಡು, ಪೆಟ್ರೋಲ್ ದುಡ್ಡು, ಸಂಘದ ದುಡ್ಡು ಒಂದೇ ಸ್ಟೇಟ್‌ಮೆಂಟಲ್ಲಿ ಬೆರೆತೋಗಿರುತ್ತೆ. ಮಾರ್ಚ್ ಆದ್ಮೇಲೆ ನಮ್ಮ ಮುಂದೆ ಸ್ಕ್ರೀನ್‌ಶಾಟ್ ಕಂತೆ ತಂದು ಇಡ್ತಾರೆ, ಐನೂರು ಬಂದಿದೆ ಯಾರದ್ದು ಅಂತ ಗೊತ್ತಿಲ್ಲ, ಹೆಸರಿನ ಜಾಗದಲ್ಲಿ ಅವರ ಮಗನ ಹೆಸರೋ ಅಂಗಡಿ ಹೆಸರೋ ಇರುತ್ತೆ. ನಾಳೆ ಇನ್‌ಕಮ್ ಟ್ಯಾಕ್ಸ್‌ನವರು ಈ ದುಡ್ಡು ಯಾರದ್ದು ಅಂತ ಕೇಳೋದು ಖಜಾಂಚಿಯವರನ್ನೇ ಹೊರತು ಸಂಘಾನಲ್ಲ. ಸಂಘದ ಪ್ಯಾನ್ ಇದ್ದು ಖಾತೆ ಇದ್ರೆ ಬ್ಯಾಂಕ್‌ನವರೇ ಸಂಘದ ಹೆಸರಲ್ಲಿ ಕ್ಯೂಆರ್ ಕೊಡ್ತಾರೆ. ಕಟ್ಟೋರು ಸದಸ್ಯತ್ವ ನಂಬರ್ ಹಾಕಿ ಕಳಿಸ್ಲಿ, ಅಷ್ಟು ಸಾಕು.

ಈಗ ನೋಟಿಸ್ ವಿಚಾರಕ್ಕೆ ಬರ್ತೀನಿ, ಜಗಳ ಜಾಸ್ತಿ ಆಗೋದು ಇಲ್ಲೇ. ನಮ್ಮ ಸಂಘಗಳು ಬಹುತೇಕ ನೋಂದಣಿ ಆಗಿರೋದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ. ಏಳು ಜನ ಸೇರಿ ಯಾವತ್ತೋ ಮಾಡಿಸಿದ್ದು, ಬೈಲಾ, ಅಂದ್ರೆ ಸಂಘದ ನಿಯಮಾವಳಿ, ಆಗ ಟೈಪ್ ಮಾಡ್ಸಿದ್ದು. ಒಂದು ಬೈಲಾದಲ್ಲಿ ಇವತ್ತಿಗೂ ಸಭೆ ನೋಟಿಸನ್ನ ಯುಪಿಸಿ ಮೂಲಕ ಕಳಿಸ್ತಕ್ಕದ್ದು ಅಂತಿದೆ. ಪೋಸ್ಟ್ ಆಫೀಸಲ್ಲಿ ಕವರ್ ಹಾಕಿದ್ದಕ್ಕೆ ಸರ್ಟಿಫಿಕೇಟ್ ಕೊಡ್ತಿದ್ರಲ್ಲ, ಅದು. ಅಂಚೆ ಇಲಾಖೆ ಅದನ್ನ 2011ರಲ್ಲೇ ನಿಲ್ಲಿಸ್ತು! ಯಾರೂ ಬೈಲಾ ತಿದ್ದಲಿಲ್ಲ, ಸುಮ್ನೆ ವಾಟ್ಸಾಪಲ್ಲಿ ಹಾಕೋಕೆ ಶುರು ಮಾಡಿದ್ರು. ಗ್ರೂಪಲ್ಲಿ ಏನಿರುತ್ತೆ ಹೇಳಿ, ಬೆಳಿಗ್ಗೆ ಐದೂವರೆಯಿಂದ ಶುಭೋದಯ, ಗುಲಾಬಿ ಹೂವು, ಗಣಪತಿ, ಅಧ್ಯಕ್ಷರ ಹುಟ್ಟುಹಬ್ಬಕ್ಕೆ ನೂರು ಕೈ ಮುಗಿದಿರೋ ಚಿತ್ರ, ಯಾರೋ ತೀರಿಕೊಂಡಿದ್ದಕ್ಕೆ ಓಂ ಶಾಂತಿ, ಅದರ ಕೆಳಗೇ ಸೈಟ್ ಮಾರಾಟಕ್ಕಿದೆ, ಇದರ ಮಧ್ಯೆ ಎಲ್ಲೋ ಮಹಾಸಭೆ ನೋಟಿಸು. ಒಂದು ಗ್ರೂಪಲ್ಲಂತೂ ಯಾರೋ ಮೆಸೇಜ್ ಏಳು ದಿನಕ್ಕೆ ತಾನಾಗೇ ಅಳಿಸಿಹೋಗೋ ಸೆಟ್ಟಿಂಗ್ ಆನ್ ಮಾಡಿಟ್ಟಿದ್ರು, ಸಭೆ ದಿನ ಒಬ್ರು ಎದ್ದು ನನಗೆ ನೋಟಿಸೇ ಬಂದಿಲ್ಲ ಅಂದಾಗ ತೋರಿಸೋಕೆ ಏನೂ ಉಳಿದಿರಲಿಲ್ಲ. ಬಂದಿಲ್ಲ ಅಂದೋರು ನಿಜ ಹೇಳಿದ್ರೋ ಸುಳ್ಳು ಹೇಳಿದ್ರೋ ದೇವರಿಗೇ ಗೊತ್ತು, ಚುನಾವಣೆ ಮಾತ್ರ ಮುಂದಕ್ಕೋಯ್ತು.

ನನ್ನ ಅಭಿಪ್ರಾಯ ಕೇಳಿದ್ರೆ ಹರಟೆಗೆ ಒಂದು ಗ್ರೂಪು, ಸಂಘದ ಸೂಚನೆಗೆ ಅಡ್ಮಿನ್ ಮಾತ್ರ ಹಾಕೋ ಬೇರೆ ಗ್ರೂಪು. 2018ರಿಂದ ಆ ಸೆಟ್ಟಿಂಗ್ ಇದೆ, ಯಾಕೆ ಬಳಸಲ್ವೋ. ಒಂದು ಗ್ರೂಪಿಗೆ 1024 ಜನ ಮಾತ್ರ ಹಿಡಿಸೋದು, ಅದಕ್ಕಿಂತ ದೊಡ್ಡ ಸಂಘ ಆದ್ರೆ ತಾಲ್ಲೂಕುವಾರು ಮಾಡ್ಕೊಳ್ಳಿ. ಜೊತೆಗೆ ಮೇಲು, ಎಸ್ಸೆಮ್ಮೆಸ್ಸು, ಆಫೀಸ್ ನೋಟಿಸ್ ಬೋರ್ಡು, ಮತ್ತೆ ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಪೋಸ್ಟು. ಅವರನ್ನ ಬಿಟ್ಟು ಡಿಜಿಟಲ್ ಮಾಡೋದು ಬೇಡ, ಆಜೀವ ಸದಸ್ಯರಾಗಿ ಮೊದಲು ದುಡ್ಡು ಕಟ್ಟಿ ಸಂಘ ನಿಲ್ಲಿಸಿದವರು ಅವರೇ. ಇದೆಲ್ಲಾ ಬೈಲಾಗೆ ಸೇರ್ಸಿ, ಸಭೇಲಿ ಪಾಸ್ ಮಾಡಿ, ನೋಂದಣಾಧಿಕಾರಿಗಳ ಹತ್ರ ದಾಖಲು ಮಾಡಿಸ್ಬೇಕು, ಸುಮ್ನೆ ಒಪ್ಪಂದಕ್ಕೆ ಬಂದ್ವಿ ಅಂದ್ರೆ ನಾಳೆ ಜಗಳ ಬಂದಾಗ ನಿಲ್ಲಲ್ಲ.

ಆನ್‌ಲೈನ್ ಸಭೆಗೂ ಇದೇ ಮಾತು. ಜಿಲ್ಲಾ ಸಂಘ ಅಂತಾರೆ, ಸಭೆ ಮಾಡೋದು ಮಾತ್ರ ಯಾವಾಗ್ಲೂ ತುಮಕೂರಲ್ಲೇ. ಪಾವಗಡದವರು ಹತ್ರತ್ರ ನೂರು ಕಿಲೋಮೀಟರ್ ಬಸ್ಸಲ್ಲಿ ಬಂದು ಅರ್ಧ ಗಂಟೆ ಕೂತು ಊಟ ಮಾಡಿ ಹೋಗ್ಬೇಕು, ತುರುವೇಕೆರೆ ಹೆಣ್ಮಕ್ಕಳು ಬರೋದೇ ಇಲ್ಲ. ಕೊರೋನಾ ಟೈಮಲ್ಲಿ, 2020ರಲ್ಲಿ, ಕೇಂದ್ರ ಸರ್ಕಾರ ಕಂಪನಿಗಳಿಗೆ ವಿಡಿಯೋ ಮೂಲಕ ವಾರ್ಷಿಕ ಸಭೆ ಮಾಡೋಕೆ ಸುತ್ತೋಲೆ ಕೊಟ್ಟು ಬಿಟ್ಟಿತು, ಆದ್ರೆ ಅದು ಕಂಪನಿಗಳಿಗೆ, ನಮ್ಮ ಸಂಘಗಳು ಬೇರೆ ಕಾಯ್ದೆ ಕೆಳಗಿರೋವು. ಹಾಗಂತ ಕೈಕಟ್ಟಿ ಕೂರ್ಬೇಕಿಲ್ಲ. ಸಭೆ ಇಲ್ಲೇ ನಡೀಲಿ, ದೂರದವರು ವಿಡಿಯೋದಲ್ಲಿ ಕೇಳ್ಲಿ, ಲೆಕ್ಕದ ಮೇಲೆ ಪ್ರಶ್ನೆ ಕೇಳ್ಲಿ. ಕೋರಂಗೆ (ಸಭೆ ನಡೆಸೋಕೆ ಬೇಕಾದ ಕನಿಷ್ಠ ಹಾಜರಾತಿ), ಮತಕ್ಕೆ ಅವರನ್ನ ಸೇರಿಸ್ಬೇಕು ಅಂದ್ರೆ ಬೈಲಾ ತಿದ್ದುಪಡಿ ಮೊದ್ಲು. ತಿಪಟೂರಿನ ಕೊಬ್ಬರಿ ಇ-ಟೆಂಡರಲ್ಲಿ ಮಾರಾಟ ಆಗಿ ಎಷ್ಟೋ ವರ್ಷ ಆಯ್ತು, ಅಲ್ಲಿನ ಸದಸ್ಯರಿಗೆ ಒಂದು ವಿಡಿಯೋ ಲಿಂಕ್ ಒತ್ತೋಕೆ ಬರಲ್ಲ ಅಂತ ಇಲ್ಲಿ ಕೂತೋರು ಹೇಳೋದು ಸರಿಯಲ್ಲ.

ಸದಸ್ಯರ ಪಟ್ಟಿ. ಇದು ಇನ್ನೊಂದು ತಲೆನೋವು. ಅರ್ಧ ಹೆಸರು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋದು, ಹೊಸ ಕಂಪ್ಯೂಟರಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಆಗಿ ಕಾಣುತ್ತೆ. ಇನ್ನರ್ಧ ಇಂಗ್ಲಿಷಲ್ಲಿ, ಒಬ್ಬ ಮಂಜುನಾಥನನ್ನೇ ಮೂರು ಥರ ಬರೆದಿರ್ತಾರೆ, ಹಾಗಾಗಿ ಒಬ್ಬನೇ ಮೂರು ಸಲ ಮತದಾರ. ಸತ್ತವರ ಹೆಸರೂ ಇರುತ್ತೆ. ಎಲ್ಲಾ ಕಂಪ್ಯೂಟರಲ್ಲೂ ಸರಿಯಾಗಿ ಕಾಣೋ ಯೂನಿಕೋಡಿಗೆ ಬದಲಾಯ್ಸೋ ಕನ್ವರ್ಟರ್ ಪುಕ್ಕಟೆ ಸಿಗುತ್ತೆ, ಕೂತು ಮಾಡೋರು ಬೇಕಷ್ಟೆ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಚುನಾವಣೆ ಬಂದಾಗ ಈ ಪಟ್ಟೀನ ಫೋನ್ ನಂಬರು, ಮನೆ ವಿಳಾಸ, ಹುಟ್ಟಿದ ತಾರೀಖು ಸಮೇತ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕೋದು. ವಾರದಲ್ಲೇ ಲೋನ್ ಬೇಕಾ, ಸೈಟ್ ಬೇಕಾ ಅಂತ ಫೋನು ಶುರು. ವೈಯಕ್ತಿಕ ಡೇಟಾ ರಕ್ಷಣೆಗೆ ಅಂತ 2023ರಲ್ಲಿ ಕಾಯ್ದೆನೇ ಬಂದಿದೆ, ಯಾವ ಕೆಲಸಕ್ಕೆ ಅಂತ ಹೇಳಿ ಮಾಹಿತಿ ತಗೊಂಡ್ರೋ ಅದಕ್ಕೇ ಬಳಸ್ಬೇಕು ಅನ್ನೋದು ಅದರ ತಿರುಳು. ಮತದಾರರ ಪಟ್ಟಿಗೆ ಹೆಸರು, ಸದಸ್ಯತ್ವ ನಂಬರ್, ಊರು ಸಾಕು.

ಇಷ್ಟೆಲ್ಲಾ ಮಾಡೋದು ಯಾರು? ಆಫೀಸಲ್ಲಿ ಕೂತಿರೋ ಆ ಒಬ್ಬಳೇ ಹುಡುಗಿ. ಯಾವ ಸಂಘಕ್ಕೆ ಹೋದ್ರೂ ಇದೇ, ಒಬ್ಬ ಕ್ಲರ್ಕು, ಹೆಚ್ಚೆಂದ್ರೆ ಜೊತೆಗೊಬ್ಬ ಅಟೆಂಡರು, ಮೇಲೆ ಹದಿನೈದು ಜನ ನಿರ್ದೇಶಕರು, ಹದಿನೈದು ಜನವೂ ಅವಳಿಗೆ ಯಜಮಾನರೇ. ಅಧ್ಯಕ್ಷರು ಪತ್ರ ಟೈಪ್ ಮಾಡು ಅಂತಾರೆ, ಉಪಾಧ್ಯಕ್ಷರು ಅದು ಬೇಡ ಇದು ಮೊದ್ಲು ಅಂತಾರೆ, ರಾತ್ರಿ ಹತ್ತೂವರೆಗೆ ಒಬ್ರು ವಾಯ್ಸ್ ಮೆಸೇಜ್ ಹಾಕ್ತಾರೆ, ಏನಮ್ಮ ನಾಳೆ ಬೆಳಿಗ್ಗೆ ಏಳಕ್ಕೆ ಫ್ಲೆಕ್ಸ್ ಡಿಸೈನ್ ಬೇಕು, ನನ್ನ ಫೋಟೋ ಸ್ವಲ್ಪ ದೊಡ್ಡದಿರ್ಲಿ ಅಂತ. ಫೋನು ಅವಳದ್ದು, ಡೇಟಾ ಪ್ಯಾಕ್ ಅವಳದ್ದು, ಸಂಬಳ ಹೇಳೋಕೂ ನಾಚಿಕೆ ಆಗೋಷ್ಟು, ನೇಮಕಾತಿ ಪತ್ರ ಅಂತ ಒಂದು ಚೀಟಿನೂ ಇರಲ್ಲ. ಅವಳು ಬಿಟ್ಟೋದ್ರೆ ಹೇಳ್ದೇ ಹೋದ್ಲು ಅಂತ ಬೈತಾರೆ, ಹೇಳ್ಕೊಂಡು ಹೋಗೋಕೆ ಯಾರು ಅವಳ ಮೇಲಿನವರು ಅಂತ ಮೊದಲು ಗೊತ್ತಿರ್ಬೇಕಲ್ಲ. ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಟೈಮ್ ಮುಗಿದ ಮೇಲೆ ಬರೋ ಫೋನು ಮೆಸೇಜಿಗೆ ಉತ್ತರ ಕೊಡದೇ ಇರೋ ಹಕ್ಕನ್ನ ಕಾನೂನೇ ಕೊಟ್ಟಿದೆ. ನಮಗೆ ಅಷ್ಟು ದೂರ ಹೋಗೋದು ಬೇಡ, ಕೆಲಸ ಹೇಳೋದು ಕಾರ್ಯದರ್ಶಿ ಒಬ್ರೇ, ಸಂಜೆ ಆರರ ಮೇಲೆ ಆಫೀಸ್ ಫೋನು ಆಫೀಸಲ್ಲೇ ಅಂತ ಒಂದು ಠರಾವು ಸಾಕು, ಮುಕ್ಕಾಲು ಕಷ್ಟ ಕಮ್ಮಿ ಆಗುತ್ತೆ.

ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಸಂಘಗಳ ಆಫೀಸಿಗೂ ಅನ್ವಯಿಸುತ್ತೆ ಅಂತ ಎಷ್ಟೋ ಪದಾಧಿಕಾರಿಗಳಿಗೆ ಗೊತ್ತೇ ಇಲ್ಲ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡ್ತಿದ್ರೆ ಒಳಗೇ ಸಮಿತಿ ಇರ್ಬೇಕು, ಕಮ್ಮಿ ಇದ್ರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ರಾತ್ರಿ ಹೊತ್ತು ಬರೋ ಬೇಡದ ಮೆಸೇಜುಗಳೂ ಇದರಲ್ಲಿ ಬರುತ್ತೆ, ನಮ್ಮ ಹುಡುಗಿ ಇದ್ದಂಗೆ ಅಂತ ಹೇಳ್ಕೊಂಡು ಏನು ಬೇಕಾದ್ರೂ ಕಳಿಸೋ ದೊಡ್ಡವರು ಇದನ್ನ ಒಂಚೂರು ಗಮನಿಸ್ಬೇಕು.

ಸೇವೆ ಮಾಡೋಕೆ ಬಂದಿದ್ದೀವಿ, ಇಷ್ಟೆಲ್ಲಾ ಕಾನೂನು ಮಾತಾಡಿದ್ರೆ ಯಾರೂ ಬರಲ್ಲ ಅಂತ ಒಬ್ರು ನನಗೆ ಹೇಳಿದ್ರು. ಅವರ ಮಾತಲ್ಲೂ ಸತ್ಯ ಇದೆ, ಪುಕ್ಕಟೆ ದುಡಿಯೋರಿಗೆ ಕಿರಿಕಿರಿ ಆಗುತ್ತೆ. ಆದ್ರೆ ಜನ ಬರದೇ ಇರೋದು ಕಾನೂನಿಗೆ ಹೆದರಿ ಅಲ್ಲ, ಅದೇ ನಾಲ್ಕು ಜನರ ಫೋನಲ್ಲಿ ಎಲ್ಲಾ ಮುಗಿದೋಗುತ್ತೆ ಅಂತ ಗೊತ್ತಿರೋದ್ರಿಂದ. ಐವತ್ತು ದಾಟಿದವರೇ ತುಂಬಿರೋ ಕಾರ್ಯಕಾರಿ ಸಮಿತೀಲಿ ಮೂವತ್ತರ ಒಳಗಿನ ಇಬ್ಬರನ್ನ ತಗೊಂಡು ಈ ಡಿಜಿಟಲ್ ಕೆಲಸ ವಹಿಸಿ ನೋಡಿ, ಫ್ಲೆಕ್ಸ್ ಕಟ್ಟೋಕೆ ಮಾತ್ರ ಅವರನ್ನ ಕರೀಬೇಡಿ.

ಕೊನೇದಾಗಿ ಒಂದು ಉಪಯೋಗದ ವಿಷಯ. ಸಭೆ ಆದ್ಮೇಲೆ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗಳ ಕಚೇರಿಗೆ ಕೊಡ್ಬೇಕು, ವರ್ಷಗಟ್ಟಲೆ ಬಿಟ್ಟಿರೋರು ದಂಡ ಕಟ್ಟಿ ಸರಿ ಮಾಡಿಸ್ಕೊಳ್ಳಿ. ಬೈಲಾ ಪ್ರತಿನೇ ಕಳ್ಕೊಂಡಿರೋ ಸಂಘಗಳೂ ಇವೆ, ಅಂಥವರು ಅದೇ ಕಚೇರೀಲಿ ಅರ್ಜಿ ಕೊಟ್ಟು ಫೀ ಕಟ್ಟಿದ್ರೆ ದೃಢೀಕೃತ ನಕಲು ಸಿಗುತ್ತೆ. ಸೆಪ್ಟೆಂಬರ್ ಕೊನೆ ವಾರದಲ್ಲಿ ಹೋದ್ರೆ ಕ್ಯೂ ಇರುತ್ತೆ, ಈಗ್ಲೇ ಹೋಗಿ ತಗೊಂಡು, ಸ್ಕ್ಯಾನ್ ಮಾಡಿ ಎಲ್ಲಾ ಸದಸ್ಯರಿಗೂ ಕಳಿಸಿ.

ಇಂತಿ,
ಸಂಘಗಳ ಲೆಕ್ಕ ಬರೆಯೋ ಓದುಗ
ಎಸ್.ಎಸ್. ಪುರಂ, ತುಮಕೂರು